ಲೆಟ್ಯೂಸಿನ ಹಾಲು, ಕಹಿ ಮತ್ತು ಬೀಜ: ತಳಿ ವೈವಿಧ್ಯವನ್ನು ನಮ್ಮ ತೋಟದಲ್ಲೇ ಅರಿತು ಉಳಿಸಿಕೊಳ್ಳುವ ಬಗೆ

ಬೆಳಗಿನ ಹೊತ್ತು ನೀರುಂಡು ನಿಂತ ಲೆಟ್ಯೂಸ್ ಗಿಡದ ಬುಡದ ಹಳೆಯ ಎಲೆಯೊಂದನ್ನು, ಅದು ದಂಟಿಗೆ ಸೇರುವ ಜಾಗದಲ್ಲಿ ಉಗುರಿನಿಂದ ಚಿವುಟಿದರೆ, ಗಾಯದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿಯ ಹಾಲು ಒಸರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದು ಅಂಟಂಟಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ನಾಲಿಗೆಯ ತುದಿಗೆ ತಾಗಿಸಿದರೆ ಕಹಿ. ಲ್ಯಾಟಿನ್ ಭಾಷೆಯಲ್ಲಿ ಹಾಲಿಗೆ ಲ್ಯಾಕ್ ಎನ್ನುತ್ತಾರೆ, ಈ ಕುಲಕ್ಕೆ ಲ್ಯಾಕ್ಟೂಕ ಎಂಬ ಹೆಸರು ಬಂದದ್ದು ಅದರಿಂದಲೇ. ಕಾಡು ಲೆಟ್ಯೂಸು ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳುವುದು ಈ ಹಾಲಿನ ಬಲದಿಂದ, ಹಳೆಯ ವೈದ್ಯರು ನಿದ್ರೆಗೂ ನೋವಿಗೂ ಮದ್ದು ಹುಡುಕಿದ್ದು ಇದರಲ್ಲೇ, ಸಾವಿರಾರು ವರ್ಷ ಬೇಸಾಯ ಮಾಡಿದ ರೈತರು ಆರಿಸಿ ಆರಿಸಿ ತಗ್ಗಿಸಿದ್ದೂ ಇದನ್ನೇ. ಆದ್ದರಿಂದ ಕಾಡು ತಳಿ ಮತ್ತು ಊರ ತಳಿಗಳ ವ್ಯತ್ಯಾಸವನ್ನು ತಿಳಿಯಬಯಸುವವರು ಕಹಿಯ ಜಾಡು ಹಿಡಿದು ಹೊರಡುವುದು ಸುಲಭವಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಚಿಕ್ಕಬಳ್ಳಾಪುರ, ಕೋಲಾರ ಮತ್ತು ತುಮಕೂರು ಕಡೆಯಲ್ಲಿ ಕಾರ್ತಿಕದಿಂದ ಮಾಘದವರೆಗಿನ ಚಳಿಯಲ್ಲಿ ನಾಲ್ಕಾರು ಬಗೆಯ ಲೆಟ್ಯೂಸನ್ನು ಅಕ್ಕಪಕ್ಕದಲ್ಲಿ ಬೆಳೆದು, ಹೋಲಿಸಿ, ಬೀಜ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇದು ಬೆಂಗಳೂರಿನ ಹೋಟೆಲುಗಳಿಗೆ ಕ್ರೇಟುಗಟ್ಟಲೆ ಕಳಿಸುವವರಿಗೆ ಬರೆದ ಲೆಕ್ಕಾಚಾರವಲ್ಲ. ಒಂದೆರಡು ಏರುಮಡಿಗಳಷ್ಟು ಜಾಗ ಮತ್ತು ಐದಾರು ತಿಂಗಳ ತಾಳ್ಮೆ ಇರುವವರಿಗೆ ಇಷ್ಟು ಸಾಕು.

ಮೊದಲು ಬಳಗದ ಪರಿಚಯ

ಲೆಟ್ಯೂಸು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದೆ. ನಾವು ಬೆಳೆಯುವ ಲ್ಯಾಕ್ಟೂಕ ಸಟೈವಾ ಎಂಬ ಪ್ರಭೇದದ ಒಂದೊಂದು ಜೀವಕೋಶದಲ್ಲಿ 18 ವರ್ಣತಂತುಗಳಿವೆ. ಇದರ ತೀರ ಹತ್ತಿರದ ಕಾಡು ಬಂಧು ಲ್ಯಾಕ್ಟೂಕ ಸೆರಿಯೋಲಾ ಎಂಬ ಮುಳ್ಳು ಲೆಟ್ಯೂಸ್. ಅದರಲ್ಲಿಯೂ 18 ವರ್ಣತಂತುಗಳೇ ಇದ್ದು, ಎರಡನ್ನೂ ಕೂಡಿಸಿದರೆ ಹುಟ್ಟುವ ಗಿಡ ಯಾವ ತೊಡಕೂ ಇಲ್ಲದೆ ಬೀಜ ಕಟ್ಟುತ್ತದೆ. ಕಿರಿದಾದ ಎಲೆಗಳ ಲ್ಯಾಕ್ಟೂಕ ಸಲಿಗ್ನಾ ದಾಯಾದಿಯಂತೆ: ಕೂಡಿಸಬಹುದು, ಆದರೆ ಸಂತತಿಯಲ್ಲಿ ಬಂಜೆತನ ಇಣುಕುತ್ತದೆ. ಕಹಿಯಲ್ಲಿ ಎಲ್ಲರನ್ನೂ ಮೀರಿಸುವ ಲ್ಯಾಕ್ಟೂಕ ವೈರೋಸಾ ದೂರದ ನೆಂಟ, ಅದರೊಡನೆ ನೇರವಾಗಿ ಸಂಬಂಧ ಬೆಳೆಸುವುದು ಬಹಳ ಕಷ್ಟ. ಬೆಳೆಗಳ ಬಂಧುಗಳನ್ನು ಹೀಗೆ ಹತ್ತಿರ, ನಡು, ದೂರ ಎಂದು ಮೂರು ಬಳಗಗಳಾಗಿ ವಿಂಗಡಿಸುವ ಪದ್ಧತಿಯನ್ನು 1971ರಲ್ಲಿ ಹಾರ್ಲಾನ್ ಮತ್ತು ಡಿ ವೆಟ್ ಎಂಬ ವಿಜ್ಞಾನಿಗಳು ಮುಂದಿಟ್ಟರು, ತಳಿ ಅಭಿವೃದ್ಧಿಪಡಿಸುವವರು ಇಂದಿಗೂ ಅದನ್ನೇ ಬಳಸುತ್ತಾರೆ.

ಈ ನೆಂಟಸ್ತಿಕೆ ಬರಿಯ ಪುಸ್ತಕದ ಮಾತಲ್ಲ. ಚಳಿಗಾಲದ ಇಬ್ಬನಿಯಲ್ಲಿ ಎಲೆಯ ಮೇಲೆ ಹಳದಿ ಮಚ್ಚೆ, ಅದರ ಹಿಂಬದಿಯಲ್ಲಿ ಬಿಳಿಯ ಪುಡಿ ಕಾಣಿಸಿಕೊಳ್ಳುವ ಬೂಜು ರೋಗಕ್ಕೆ ಬ್ರೆಮಿಯಾ ಎಂಬ ಸೂಕ್ಷ್ಮಜೀವಿ ಕಾರಣ. ಅದನ್ನು ತಡೆಯುವ ವಂಶವಾಹಿಗಳಲ್ಲಿ ಹಲವು ಸೆರಿಯೋಲಾ ಮತ್ತು ಸಲಿಗ್ನಾ ಕಾಡು ಗಿಡಗಳಿಂದ ಬಂದವು. ಲೆಟ್ಯೂಸಿನ ಸುಳಿಯೊಳಗೆ ಅಡಗುವ ಒಂದು ಜಾತಿಯ ಸಸ್ಯಹೇನನ್ನು ತಡೆಯುವ ಗುಣವನ್ನು ದೂರದ ನೆಂಟನಾದ ವೈರೋಸಾದಿಂದ, ನಡುವೆ ಸೆರಿಯೋಲಾವನ್ನು ಸೇತುವೆಯಾಗಿಟ್ಟುಕೊಂಡು, ಯುರೋಪಿನ ತಳಿ ತಜ್ಞರು ಊರ ಲೆಟ್ಯೂಸಿಗೆ ತಂದರು. ಆದರೆ ಆ ಒಂದೇ ವಂಶವಾಹಿಯನ್ನು ಬಹಳಷ್ಟು ತಳಿಗಳಲ್ಲಿ ತುಂಬಿದ್ದರಿಂದ, 2007ರ ಹೊತ್ತಿಗೆ ಅದನ್ನು ಮೀರಿ ಬದುಕುವ ಹೇನುಗಳು ಅಲ್ಲಿ ಕಾಣಿಸಿಕೊಂಡವು. ವೈವಿಧ್ಯ ಏಕೆ ಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಈ ಹೇನಿನ ಕಥೆಯನ್ನೇ.

2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಡು ಮತ್ತು ಊರ ಲೆಟ್ಯೂಸುಗಳ 445 ಮಾದರಿಗಳ ವಂಶವಾಹಿ ಬರಹವನ್ನು ಹೋಲಿಸಿ, ಈ ಬೆಳೆಯನ್ನು ಮೊದಲು ಪಳಗಿಸಿದ್ದು ಕಾಕಸಸ್ ಪರ್ವತಗಳ ಆಸುಪಾಸಿನಲ್ಲಿ, ಕ್ರಿ.ಪೂ. 4000ದ ಸುಮಾರಿಗೆ ಎಂಬ ನಿರ್ಣಯಕ್ಕೆ ಬಂದಿತು. ಮೊದಮೊದಲು ಜನ ಇದನ್ನು ಬೆಳೆದದ್ದು ಸೊಪ್ಪಿಗಿಂತ ಹೆಚ್ಚಾಗಿ ಬೀಜದ ಎಣ್ಣೆಗಾಗಿ ಇರಬೇಕೆಂದು ಊಹಿಸಲು ಕಾರಣವಿದೆ: ಮಾಗಿದ ಬೀಜ ಉದುರದೆ ಗಿಡದಲ್ಲೇ ನಿಲ್ಲುವ ಗುಣ ಈ ಬೆಳೆಗೆ ಬಹಳ ಮುಂಚೆಯೇ ಸೇರಿಕೊಂಡಿದೆ. ಮುಳ್ಳು ಹೋದದ್ದು, ಎಲೆ ಅಗಲವಾದದ್ದು, ಹಾಲು ತಗ್ಗಿದ್ದು ಎಲ್ಲವೂ ಹೀಗೆ ಒಂದೊಂದಾಗಿ ಆದ ಬದಲಾವಣೆಗಳು.

ನಮ್ಮ ಬದುಗಳಲ್ಲಿ ಹುಡುಕುವಾಗ

ಕೋಲಾರದ ಕಡೆ ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಬೆರಕೆ ಸೊಪ್ಪು ಕೀಳುವ ಹೆಂಗಸರಿಗೆ ಅಣ್ಣೆ, ಗಣಿಕೆ, ಕೀರೆ, ಹೊನಗೊನೆ, ಗೋಣಿ ಸೊಪ್ಪುಗಳ ಗುರುತು ಕಣ್ಣು ಮುಚ್ಚಿದರೂ ಸಿಗುತ್ತದೆ. ಆ ಮಡಿಲಲ್ಲಿ ಒಮ್ಮೊಮ್ಮೆ ಲೆಟ್ಯೂಸಿನ ಬಳಗದ ಗಿಡವೂ ಇರುವುದುಂಟು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಹಕ್ಕರಿಕೆಯೂ ಇದೇ ಬಳಗದ್ದು, ಅದರ ನಸುಗಹಿಯೂ ಇದೇ ಹಾಲಿನ ಕೊಡುಗೆ. ಗದ್ದೆಯಂಚಿನಲ್ಲಿ, ಚರಂಡಿಯ ಪಕ್ಕದಲ್ಲಿ ಬೆಳೆಯುವ ಸೋಂಕಸ್ ಎಂಬ ಗಿಡವನ್ನು ಕಂಡು ಕಾಡು ಲೆಟ್ಯೂಸ್ ಎಂದು ಮೋಸ ಹೋಗುವವರು ಅನೇಕರಿದ್ದಾರೆ. ಇದರಲ್ಲೂ ಹಾಲಿದೆ, ಹೂವು ಹಳದಿ, ಎಲೆಯ ಅಂಚು ಮುಳ್ಳುಮುಳ್ಳು.

ಇವುಗಳನ್ನು ಬೇರ್ಪಡಿಸಲು ಭೂತಗನ್ನಡಿಯೊಂದು ಬೇಕು. ಮುಳ್ಳು ಲೆಟ್ಯೂಸಿನ ಎಲೆಯನ್ನು ಮಗುಚಿದರೆ ನಡುನರದ ಉದ್ದಕ್ಕೂ ಗರಗಸದ ಹಲ್ಲಿನಂತೆ ಒಂದು ಸಾಲು ಮುಳ್ಳು ಬೆರಳಿಗೆ ಹತ್ತುತ್ತದೆ, ಸೋಂಕಸ್‌ನಲ್ಲಿ ಈ ಸಾಲು ಇರುವುದಿಲ್ಲ. ಇದಕ್ಕಿಂತ ಖಚಿತವಾದ ಗುರುತು ಬೀಜದಲ್ಲಿದೆ. ಲೆಟ್ಯೂಸಿನ ಬೀಜದ ತುದಿ ಕೊಕ್ಕಿನಂತೆ ಸಣ್ಣಗೆ ಎಳೆದುಕೊಂಡು, ಆ ಕೊಕ್ಕಿನ ಮೇಲೆ ಬಿಳಿಯ ರೋಮದ ಕೊಡೆ ಬಿಚ್ಚಿಕೊಂಡಿರುತ್ತದೆ. ಸೋಂಕಸ್ ಬೀಜಕ್ಕೆ ಕೊಕ್ಕು ಇಲ್ಲ, ರೋಮ ನೇರವಾಗಿ ತಲೆಯ ಮೇಲೆಯೇ ಕುಳಿತಿರುತ್ತದೆ. ಬಯಲಿನಲ್ಲಿ ನಿಂತ ಮುಳ್ಳು ಲೆಟ್ಯೂಸಿನ ಎಲೆಗಳು ಬುಡದಲ್ಲಿ ತಿರುಚಿಕೊಂಡು, ಅಗಲವನ್ನು ಪೂರ್ವ ಪಶ್ಚಿಮಗಳಿಗೆ ಒಡ್ಡಿ, ತುದಿಗಳನ್ನು ಉತ್ತರ ದಕ್ಷಿಣಗಳಿಗೆ ಚಾಚಿ ನಿಲ್ಲುವುದರಿಂದ ಅದಕ್ಕೆ ದಿಕ್ಸೂಚಿ ಗಿಡ ಎಂಬ ಹೆಸರೂ ಇದೆ. ಆದರೆ ನಮ್ಮ ದೇಶದಲ್ಲಿ ಅದು ಹಿಮಾಲಯದ ಪಶ್ಚಿಮ ಭಾಗದಲ್ಲಿ ಸಿಗುವ ಗಿಡ. ನಂದಿಬೆಟ್ಟದ ತಪ್ಪಲಲ್ಲೋ ಸಿದ್ಧರಬೆಟ್ಟದಲ್ಲೋ ಅದೇ ಸಿಕ್ಕಿತೆಂದು ಅವಸರದಿಂದ ನಿರ್ಧರಿಸಬಾರದು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮುರಿದರೆ ಹಾಲು ಬಂತೆಂಬ ಒಂದೇ ಕಾರಣಕ್ಕೆ ಯಾವ ಗಿಡವನ್ನೂ ಬಾಯಿಗಿಡಬಾರದು, ಏಕೆಂದರೆ ಎಕ್ಕ, ಕಳ್ಳಿಗಳಲ್ಲೂ ಹಾಲಿದೆ. ಮುಳ್ಳೆಲೆ, ಬಿಳಿಯ ನರ, ಹಳದಿ ಹೂವಿನ ದತ್ತೂರಿ ಗಿಡವನ್ನು ಎಳೆಯದರಲ್ಲಿ ನೋಡಿದರೆ ಮುಳ್ಳು ಲೆಟ್ಯೂಸಿನ ಹೋಲಿಕೆ ಕಾಣುವುದು ಸಹಜ, ಆದರೆ ಅದರ ಸೊನೆ ಹಳದಿ. ಅದರ ಬೀಜ ಸಾಸಿವೆಯಲ್ಲಿ ಕಲಬೆರಕೆಯಾಗಿ, ಆ ಎಣ್ಣೆಯನ್ನು ತಿಂದವರಿಗೆ ಮೈ ಊದಿಕೊಂಡು ಪ್ರಾಣವೇ ಹೋದ ಪ್ರಸಂಗಗಳು ನಮ್ಮ ದೇಶದಲ್ಲಿ ನಡೆದಿವೆ.

ಬೀಜ ಆರಿಸುವುದು ಮತ್ತು ಮೊಳೆಸುವುದು

ಹೋಲಿಕೆಗೆ ಕನಿಷ್ಠ ನಾಲ್ಕು ಬಗೆ ಬೇಕು: ಎಲೆಕೋಸಿನಂತೆ ಗಡ್ಡೆ ಕಟ್ಟುವ ಐಸ್‌ಬರ್ಗ್, ನೆಟ್ಟಗೆ ನಿಲ್ಲುವ ರೊಮೇನ್, ಬೆಣ್ಣೆಯಂತೆ ಮೃದುವಾದ ಬಟರ್‌ಹೆಡ್, ಮತ್ತು ಬಿಡಿ ಎಲೆಯ ಗುಂಪಿನಲ್ಲಿ ಹಸಿರು ಒಂದು, ಲೊಲ್ಲೊ ರೊಸ್ಸೊದಂಥ ಕೆಂಪು ಒಂದು. ಚೀನಾದವರು ದಂಟಿಗಾಗಿ ಬೆಳೆಯುವ ಬಗೆ ಸಿಕ್ಕಿದರೆ ಅದನ್ನೂ ಸೇರಿಸಿಕೊಳ್ಳಬಹುದು. ಮೇಲ್ನೋಟಕ್ಕೆ ಇವು ಬೇರೆ ಬೇರೆ ಗಿಡಗಳೇ ಎನ್ನಿಸಿದರೂ ಎಲ್ಲವೂ ಒಂದೇ ಪ್ರಭೇದ. ಲೆಟ್ಯೂಸಿನ ಹೂವು ತನ್ನ ಪರಾಗದಿಂದಲೇ ಬೀಜ ಕಟ್ಟುವುದರಿಂದ, ಟೊಮೆಟೊದಲ್ಲಿರುವಷ್ಟು ಹೈಬ್ರಿಡ್ ಹಾವಳಿ ಇದರಲ್ಲಿಲ್ಲ. ಪೊಟ್ಟಣದ ಬೀಜ ಸಾಮಾನ್ಯವಾಗಿ ಶುದ್ಧ ತಳಿಯದೇ ಆಗಿದ್ದು, ಅದರಿಂದ ಮಾಡಿಕೊಂಡ ಬೀಜವೂ ತಾಯಿಯ ಗುಣವನ್ನೇ ಕೊಡುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ಕೊಟ್ಟಿದೆ, ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ ಅಷ್ಟೆ. ವೈರೋಸಾ ಬೀಜವನ್ನು ಹೊರದೇಶದಿಂದ ಅಂಚೆಯಲ್ಲಿ ತರಿಸುವ ಆಸೆಯನ್ನು ಮಾತ್ರ ಬಿಡಬೇಕು. ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ ತರಿಸುವುದು ಕಾನೂನಿಗೆ ವಿರುದ್ಧ, ಅಲ್ಲದೆ ಲೆಟ್ಯೂಸಿನ ಮೊಸಾಯಿಕ್ ನಂಜುರೋಗ ಬೀಜದ ಮೂಲಕವೇ ಹರಡುತ್ತದೆ.

ಮೊದಲ ಸಲ ನಾನು ಲೆಟ್ಯೂಸ್ ಬಿತ್ತಿದ್ದು ಏಪ್ರಿಲಿನಲ್ಲಿ. ಹುರುಳಿ, ಅವರೆ ಬಿತ್ತಿದ ಅಭ್ಯಾಸದಲ್ಲಿ ಬೀಜದ ಮೇಲೆ ಒಂದು ಬೆರಳಿನಷ್ಟು ಮಣ್ಣು ಎಳೆದು ಹದಿನೈದು ದಿನ ಕಾದರೂ ಒಂದು ಮೊಳಕೆಯೂ ಏಳಲಿಲ್ಲ. ಬೀಜ ಮಾರಿದವನನ್ನು ಬೈದುಕೊಂಡೆ. ತಪ್ಪು ಅವನದಾಗಿರಲಿಲ್ಲ. ಮಣ್ಣಿನ ಬಿಸಿ 28–30 ಡಿಗ್ರಿ ದಾಟಿದರೆ ಹೆಚ್ಚಿನ ಲೆಟ್ಯೂಸ್ ಬೀಜಗಳು ಮೊಳೆಯದೆ ನಿದ್ದೆಗೆ ಜಾರುತ್ತವೆ, ಹಲವು ತಳಿಗಳ ಬೀಜಕ್ಕೆ ಮೊಳೆಯಲು ಬೆಳಕೂ ಬೇಕು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಲೆಟ್ಯೂಸ್ ಬೀಜಕ್ಕೆ ಕೆಂಪು ಬೆಳಕು ತೋರಿಸಿದಾಗ ಅದು ಮೊಳೆಯಿತು, ಹಿಂದೆಯೇ ಕಡುಗೆಂಪಿನಾಚೆಯ ಬೆಳಕು ತೋರಿಸಿದಾಗ ಸುಮ್ಮನಾಯಿತು, ಮತ್ತೆ ಕೆಂಪು ತೋರಿಸಿದಾಗ ಮತ್ತೆ ಮೊಳೆಯಿತು. ಗಿಡಗಳು ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ವಸ್ತುವಿನ ಪತ್ತೆಗೆ ದಾರಿಯಾದದ್ದು ಈ ಪ್ರಯೋಗ. ನಾನು ಬೀಜವನ್ನು ಕತ್ತಲೆಯಲ್ಲೂ ಬಿಸಿಯಲ್ಲೂ ಹೂತಿಟ್ಟಿದ್ದೆ.

ಆದ್ದರಿಂದ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಬಿತ್ತಬೇಕು. ಬಿಸಿಲು ಇನ್ನೂ ಚುರುಕಾಗಿದ್ದರೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಎರಡು ದಿನ ಇಟ್ಟು, ಸಂಜೆಯ ಹೊತ್ತು ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿದ ಪ್ರೋಟ್ರೇಯಲ್ಲಿ, ಅಂದರೆ ಸಸಿ ಬೆಳೆಸುವ ಗುಳಿಗಳ ತಟ್ಟೆಯಲ್ಲಿ, ಮೇಲ್ಮೈಗೆ ಬಿತ್ತಿ, ಬೀಜ ಕಂಡೂ ಕಾಣದಷ್ಟು ತೆಳುವಾಗಿ ಮುಚ್ಚಬೇಕು. ಒಂದು ಗ್ರಾಂನಲ್ಲಿ ಸಾವಿರದ ಆಸುಪಾಸು ಬೀಜಗಳಿರುವುದರಿಂದ ಚಿಟಿಕೆಯಷ್ಟು ಬೀಜ ಒಂದು ಮಡಿಗೆ ಧಾರಾಳವಾಯಿತು. ಮೂರು ನಾಲ್ಕು ವಾರದ ಸಸಿಯನ್ನು ಏರುಮಡಿಯಲ್ಲಿ ಸುಮಾರು 30 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಆಯಿತು. ಗೊಬ್ಬರದ ವಿಷಯದಲ್ಲಿ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿಯೂ ಯೂರಿಯಾವನ್ನು ಜಿಪುಣತನದಿಂದಲೂ ಬಳಸುವುದು ಒಳ್ಳೆಯದು, ಏಕೆಂದರೆ ನೆರಳುಪರದೆಯಡಿ ಬೆಳಕು ಕಡಿಮೆಯಿದ್ದು ಸಾರಜನಕ ಹೆಚ್ಚಾದರೆ ಎಲೆಯಲ್ಲಿ ನೈಟ್ರೇಟ್ ಶೇಖರವಾಗುತ್ತದೆ.

ನೀರಿನ ಬಗ್ಗೆ ನಮ್ಮ ಜಿಲ್ಲೆಗಳವರು ವಿಶೇಷವಾಗಿ ಯೋಚಿಸಬೇಕು. ಲೆಟ್ಯೂಸು ಉಪ್ಪು ನೀರನ್ನು ಅಷ್ಟಾಗಿ ತಾಳುವುದಿಲ್ಲ, ಸಾವಿರ ಅಡಿಯ ಕೊಳವೆ ಬಾವಿಯ ಗಡಸು ನೀರು ಹಾಯಿಸುವವರು ಒಮ್ಮೆ ಪರೀಕ್ಷೆ ಮಾಡಿಸುವುದು ಲೇಸು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣ. ಅಂಥ ಕೆರೆಯ ನೀರನ್ನು ನೇರವಾಗಿ ಎತ್ತಿ, ಬೇಯಿಸದೆ ತಿನ್ನುವ ಸೊಪ್ಪಿನ ಮೇಲೆ ಸುರಿಯುವುದು ಸರಿಯಲ್ಲ. ಯಾವ ನೀರಾದರೂ ಎಲೆ ನೆನೆಯದಂತೆ ಹನಿ ನೀರಾವರಿಯಲ್ಲಿ ಬುಡಕ್ಕೆ ಕೊಟ್ಟರೆ ಬೂಜು ರೋಗವೂ ಹತೋಟಿಯಲ್ಲಿರುತ್ತದೆ.

ಕಹಿಯನ್ನು ಅಳೆಯುವುದು

ನೆಟ್ಟು ಐದಾರು ವಾರವಾದ ಮೇಲೆ ನೋಟ್‌ಬುಕ್ಕೊಂದನ್ನು ಹಿಡಿದು ಮಡಿಗೆ ಇಳಿಯಬೇಕು. ಪ್ರತಿ ತಳಿಯ ಮೂರು ಗಿಡಗಳಿಂದ ಹೊರಗಿನ ಎಲೆ ಒಂದು, ಒಳಗಿನ ಎಲೆ ಒಂದು ಕಿತ್ತು, ಚಿವುಟಿದಾಗ ಬರುವ ಹಾಲು ತೇವವೋ, ಹನಿಯೋ, ಹರಿಯುತ್ತದೆಯೋ ಎಂದು ಬರೆಯಬೇಕು. ಬಳಿಕ ಎಲೆಯ ಬುಡದ ತುಣುಕನ್ನು ಜಗಿದು ಉಗುಳಿ, ಕಹಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ಒಂದು ತಳಿಗೂ ಇನ್ನೊಂದಕ್ಕೂ ನಡುವೆ ಮಜ್ಜಿಗೆಯಲ್ಲಿ ಬಾಯಿ ಮುಕ್ಕಳಿಸದಿದ್ದರೆ ಮೂರನೆಯ ಎಲೆಯಿಂದಾಚೆಗೆ ಎಲ್ಲವೂ ಕಹಿಯೇ. ಇದೇ ಪರೀಕ್ಷೆಯನ್ನು ಗಿಡ ಹೂದಂಟು ಏರಿಸಿದ ಮೇಲೆ ಮತ್ತೊಮ್ಮೆ ಮಾಡಬೇಕು. ಐಸ್‌ಬರ್ಗ್ ಒಳಗೆ ನೀರಿನಂತೆ ಸಪ್ಪೆಯಿದ್ದದ್ದು ದಂಟೇರಿದ ಮೇಲೆ ಬಾಯಿಗಿಡಲಾರದಷ್ಟು ಕಹಿಯಾಗಿರುವುದನ್ನು ಕಂಡಾಗ, ಕಾಡಿನ ಗುಣ ಹೋಗಿಲ್ಲ, ಅಡಗಿದೆ ಎಂಬುದು ನಾಲಿಗೆಗೇ ಮನವರಿಕೆಯಾಗುತ್ತದೆ. ಬಿಸಿಲೂ ನೀರಿನ ಕೊರತೆಯೂ ಈ ಕಹಿಯನ್ನು ಹೆಚ್ಚಿಸುತ್ತವೆ.

ಕಹಿಗೆ ಕಾರಣವಾದ ಮುಖ್ಯ ವಸ್ತುಗಳು ಲ್ಯಾಕ್ಟೂಸಿನ್ ಮತ್ತು ಲ್ಯಾಕ್ಟೂಕೊಪಿಕ್ರಿನ್. ವೈರೋಸಾದ ಹಾಲನ್ನು ಒಣಗಿಸಿದ ಕಂದು ಅಂಟನ್ನು 19ನೇ ಶತಮಾನದ ಯುರೋಪ್ ಮತ್ತು ಅಮೆರಿಕದ ವೈದ್ಯರು ಲ್ಯಾಕ್ಟುಕೇರಿಯಂ ಎಂಬ ಹೆಸರಿನಲ್ಲಿ ಕೆಮ್ಮಿಗೂ ನಿದ್ರಾಹೀನತೆಗೂ ಕೊಡುತ್ತಿದ್ದರು. ಅದಕ್ಕೆ ಲೆಟ್ಯೂಸ್ ಅಫೀಮು ಎಂಬ ಅಡ್ಡಹೆಸರಿದ್ದರೂ ಅಫೀಮಿನ ಯಾವ ಅಂಶವೂ ಅದರಲ್ಲಿಲ್ಲ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಎರಡು ವಸ್ತುಗಳು ಇಲಿಗಳಲ್ಲಿ ನೋವನ್ನು ತಗ್ಗಿಸಿದವು, ಮಂಪರನ್ನೂ ತಂದವು. ಶುದ್ಧೀಕರಿಸಿದ ವಸ್ತುವನ್ನು ತೂಕ ಮಾಡಿ ಇಲಿಗೆ ಕೊಡುವುದಕ್ಕೂ ಒಂದು ಬಟ್ಟಲು ಸೊಪ್ಪು ತಿನ್ನುವುದಕ್ಕೂ ಇರುವ ಅಂತರವನ್ನು ಮರೆತು ಜಾಹೀರಾತು ಬರೆಯುವವರ ಮಾತಿಗೆ ಮರುಳಾಗಬಾರದು. ಯುನಾನಿ ವೈದ್ಯದಲ್ಲಿ ಲೆಟ್ಯೂಸ್ ಬೀಜಕ್ಕೆ ಕಾಹು ಎಂಬ ಹೆಸರಿದ್ದು, ನಿದ್ರೆ ಬಾರದವರಿಗೆ ಬೀಜವನ್ನೂ ಅದರ ಎಣ್ಣೆಯನ್ನೂ ಬಳಸುವ ದೀರ್ಘ ಪರಂಪರೆಯಿದೆ. ಬೇಕಾದವರು ಆ ಪದ್ಧತಿಯ ವೈದ್ಯರನ್ನೇ ಕಾಣಬೇಕು. ಬಿತ್ತನೆ ಬೀಜವನ್ನು ಅರೆದು ಕುಡಿಯುವುದಂತೂ ಸಲ್ಲದು, ಅದಕ್ಕೆ ಔಷಧ ಲೇಪಿಸಿರುವ ಸಾಧ್ಯತೆಯಿದೆ.

ಇರಾನಿನಲ್ಲಿ ಕಾಡಿನ ವೈರೋಸಾವನ್ನು ತಿಂದ ಕೆಲವರು ತಲೆಸುತ್ತು, ಕಣ್ಣಿನ ಪಾಪೆ ಹಿಗ್ಗುವಿಕೆ, ಗಾಬರಿಗಳಿಂದ ಆಸ್ಪತ್ರೆ ಸೇರಿದ ವರದಿಯಿದೆ. ಸೇವಂತಿಗೆ, ಪಾರ್ಥೇನಿಯಂಗಳಿಂದ ಚರ್ಮ ಕೆರೆತ ಬರುವವರಿಗೆ ಲೆಟ್ಯೂಸಿನ ಹಾಲೂ ಒಗ್ಗದಿರಬಹುದು, ಅಂಥವರು ಕೊಯ್ಲಿಗೆ ಕೈಗವಸು ಹಾಕಿಕೊಳ್ಳಬೇಕು. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ದಿಢೀರನೆ ಹೆಚ್ಚಿಸಬಾರದು, ಏಕೆಂದರೆ ರೊಮೇನ್ ಮತ್ತು ಬಿಡಿ ಎಲೆಯ ಬಗೆಗಳಲ್ಲಿ ಕೆ ಜೀವಸತ್ವ ಹೇರಳವಾಗಿದೆ. ಆಹಾರವಾಗಿ ನೋಡಿದರೆ ಈ ಎರಡು ಬಗೆಗಳು ಐಸ್‌ಬರ್ಗಿಗಿಂತ ಮೇಲು: ಹೊರಗಿನ ಕಡು ಹಸಿರು ಎಲೆಯಲ್ಲಿ ಎ ಜೀವಸತ್ವದ ಮೂಲವಾದ ಬೀಟಾ ಕ್ಯಾರೋಟಿನ್ ಮತ್ತು ಫೋಲೇಟ್ ಹೆಚ್ಚು, ಕೆಂಪು ಎಲೆಯಲ್ಲಿ ಆಂಥೊಸಯಾನಿನ್ ಕೂಡ ಉಂಟು. ಅಂಗಡಿಯಲ್ಲಿ ಬೆಲೆ ಮಾತ್ರ ಬಿಳಿಚಿದ ಗಡ್ಡೆಗೆ. ನಮ್ಮ ಮನೆಯಲ್ಲಿ ನಸುಗಹಿಯ ರೊಮೇನನ್ನು ಹೆಚ್ಚಿ ಹೆಸರುಬೇಳೆ ಕೋಸಂಬರಿಗೆ ಬೆರೆಸುತ್ತಾರೆ, ನಿಂಬೆಹುಳಿ ತೆಂಗಿನತುರಿಗಳ ಜೊತೆ ಕಹಿ ಹಿತವಾಗಿಯೇ ಇರುತ್ತದೆ.

ಬೀಜ ಮಾಡಿಕೊಳ್ಳುವುದು

ಎಲೆ ಕೊಯ್ಯುವವರಿಗೆ ಶತ್ರುವಾದ ಫೆಬ್ರುವರಿ ಮಾರ್ಚಿಯ ಬಿಸಿಲು ಬೀಜಕ್ಕೆ ಅನುಕೂಲ. ಪ್ರತಿ ತಳಿಯ ಹತ್ತು ಹನ್ನೆರಡು ಗಿಡಗಳನ್ನು ಕೊಯ್ಯದೆ ಬಿಡಬೇಕು. ಒಂದೇ ಗಿಡದ ಬೀಜ ಹಿಡಿದರೆ ತಳಿಯೊಳಗೆ ಇರುವ ಅಲ್ಪಸ್ವಲ್ಪ ವೈವಿಧ್ಯವೂ ಹೋಗುತ್ತದೆ. ಎಲ್ಲಕ್ಕಿಂತ ಮೊದಲು ದಂಟೇರಿಸಿದ ಗಿಡವನ್ನು ಬೀಜಕ್ಕೆ ಇಟ್ಟುಕೊಳ್ಳುವ ತಪ್ಪನ್ನು ಬಹಳ ಜನ ಮಾಡುತ್ತಾರೆ, ಕೈಗೆ ಬೇಗ ಸಿಗುತ್ತದೆಂಬ ಆಸೆ. ಹಾಗೆ ಮೂರು ವರ್ಷ ಮಾಡಿದರೆ ನೆಟ್ಟ ತಿಂಗಳಿಗೇ ಹೂವಾಗುವ ಲೆಟ್ಯೂಸ್ ನಿಮ್ಮದಾಗುತ್ತದೆ. ಅವಸರದ ಗಿಡಗಳನ್ನು ಕಿತ್ತು ಹಸುವಿಗೆ ಹಾಕಿ, ತಡವಾಗಿ ದಂಟೇರುವವನ್ನು ಉಳಿಸಬೇಕು. ಐಸ್‌ಬರ್ಗಿನ ಗಡ್ಡೆ ಬಿಗಿಯಾಗಿದ್ದು ದಂಟು ಹೊರಬರಲಾರದೆ ಕೊಳೆಯುವುದರಿಂದ, ನೆತ್ತಿಯ ಮೇಲೆ ಚಾಕುವಿನಿಂದ ಕೂಡಿಸು ಚಿಹ್ನೆಯಂತೆ ಹಗುರವಾಗಿ ಸೀಳಿ ದಾರಿ ಮಾಡಿಕೊಡಬೇಕು.

ಹೂವು ಅರಳುವುದು ಬೆಳಗಿನ ಹೊತ್ತು, ಕೆಲವೇ ಗಂಟೆ. ನೋಡಲು ಒಂದೇ ಹೂವಿನಂತೆ ಕಾಣುವ ಹಳದಿ ಗೊಂಚಲಿನಲ್ಲಿ ಹತ್ತಿಪ್ಪತ್ತು ಕಿರುಹೂಗಳಿರುತ್ತವೆ, ಒಂದೊಂದಕ್ಕೂ ಒಂದೊಂದೇ ಬೀಜ. ಕಿರುಹೂವಿನ ಶಲಾಕೆ (ಹೆಣ್ಣು ಭಾಗದ ಕಡ್ಡಿ) ಪರಾಗಕೋಶಗಳು ಕೂಡಿ ಆದ ಕೊಳವೆಯೊಳಗಿಂದಲೇ ಮೇಲೆ ತೂರಿ ಬರುವುದರಿಂದ ಅದು ಹೊರಗೆ ತಲೆ ಹಾಕುವ ವೇಳೆಗೆ ತನ್ನದೇ ಪರಾಗ ಮೆತ್ತಿಕೊಂಡಿರುತ್ತದೆ. ಹೀಗಾಗಿ ತಳಿಗಳ ನಡುವೆ ನಾಲ್ಕಾರು ಮೀಟರ್ ಅಂತರವಿದ್ದರೆ, ಅಥವಾ ನಡುವೆ ಎರಡು ಸಾಲು ಮುಸುಕಿನ ಜೋಳವಿದ್ದರೆ ಮನೆಮಟ್ಟಕ್ಕೆ ಸಾಕು. ಅರಳಿ ಎರಡು ವಾರವಾದಾಗ ಗೊಂಚಲ ತುದಿಯಲ್ಲಿ ಬಿಳಿಯ ರೋಮ ಇಣುಕುತ್ತದೆ. ಒಂದೇ ಗಿಡದಲ್ಲಿ ಮೊಗ್ಗೂ ಬಲಿತ ಬೀಜವೂ ಒಟ್ಟಿಗೆ ಇರುವುದರಿಂದ, ದಂಟನ್ನು ಬಟ್ಟೆಯ ಚೀಲದೊಳಕ್ಕೆ ಬಾಗಿಸಿ ಎರಡು ಮೂರು ದಿನಕ್ಕೊಮ್ಮೆ ಕೊಡವಿಕೊಳ್ಳಬೇಕು. ಅಶ್ವಿನಿ ಮಳೆ ಬೀಳುವುದರೊಳಗೆ ಈ ಕೆಲಸ ಮುಗಿಯಬೇಕು, ನೆನೆದ ಬೀಜ ಕಪ್ಪಿಟ್ಟುಹೋಗುತ್ತದೆ. ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಮೆಲ್ಲಗೆ ಕೇರಿದರೆ ರೋಮ ಹಾರಿಹೋಗಿ ಬಿಳಿಯದೋ ಕರಿಯದೋ ಬೀಜ ಉಳಿಯುತ್ತದೆ. ಈ ಬಣ್ಣವೂ ತಳಿಯ ಗುರುತೇ ಆದ್ದರಿಂದ ಒಂದು ತಳಿಯ ರಾಶಿಯಲ್ಲಿ ಎರಡು ಬಣ್ಣ ಕಂಡರೆ ಎಲ್ಲೋ ಬೆರಕೆಯಾಗಿದೆ ಎಂದರ್ಥ.

ನೆರಳಲ್ಲಿ ಒಣಗಿಸಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ತಳಿಯ ಹೆಸರು, ಬೀಜದ ಬಣ್ಣ, ದಂಟೇರಿದ ದಿನಾಂಕ ಮತ್ತು ಎರಡು ಸಲದ ಕಹಿಯ ಅಂಕಗಳನ್ನು ಮೇಲೆಯೇ ಬರೆದು, ಗಾಳಿಯಾಡದ ಗಾಜಿನ ಸೀಸೆಯಲ್ಲಿ ಫ್ರಿಜ್ಜಿನೊಳಗಿಡಬೇಕು. ಹೊಸ ಬೀಜಕ್ಕೆ ಕೆಲವು ವಾರಗಳ ನಿದ್ದೆ ಇರುವುದರಿಂದ ಕೂಡಲೇ ಬಿತ್ತಿ ನೋಡಿ ಮೊಳೆಯಲಿಲ್ಲವೆಂದು ಎಸೆಯಬಾರದು. ಮೊಳಕೆ ಪರೀಕ್ಷೆಯನ್ನು ಆಗಸ್ಟಿನಲ್ಲಿ, ಒದ್ದೆ ಕಾಗದದ ಮೇಲೆ ನೂರು ಬೀಜ ಹರಡಿ, ಬೆಳಕಿರುವ ತಂಪು ಜಾಗದಲ್ಲಿ ಮಾಡಬಹುದು. ರೋಗ, ಮಣ್ಣು, ನೀರಿನ ವಿಷಯದಲ್ಲಿ ಅನುಮಾನವಿದ್ದರೆ ತುಮಕೂರಿನವರಿಗೆ ಹಿರೇಹಳ್ಳಿಯ, ಕೋಲಾರದವರಿಗೆ ಟಮಕದ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೋಗುವಾಗ ಬಾಡಿದ ಎಲೆಯೊಂದನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಹೋಗದೆ, ಬೇರು ಸಮೇತ ಗಿಡವನ್ನೇ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೋಗಬೇಕು.